ಮೂಗಿಗಿಂತ ಮೊದಲು ಸೊಂಟ

ಮನುಷ್ಯನ ಇಡೀ ಮೈಯ ಚಿತ್ರ ಬರೆಯಲು ಹೊರಟ ಮೈಸೂರು, ಮಂಡ್ಯ ಸೀಮೆಯ ಓದುಗರ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಹೆಚ್ಚಿನವರ ತೊಡಕು ಒಂದೇ ಕಡೆ ಇದೆ. ಕಣ್ಣು, ಮೂಗು, ತುಟಿಗಾಗಿ ತಿಂಗಳುಗಟ್ಟಲೆ ಕೈ ಸವೆಸಿದ್ದಾರೆ. ಎದುರಿಗೆ ನಿಂತವರ ಸೊಂಟ ಎತ್ತ ವಾಲಿದೆ ಎಂದು ಒಮ್ಮೆಯೂ ನೋಡಿಲ್ಲ.

ಪ್ರಶ್ನೆ: ಮುಖ ಬರೆದರೆ ಹೋಲುತ್ತದೆ ಎನ್ನುತ್ತಾರೆ. ಇಡೀ ಆಳನ್ನು ಬರೆಯಲು ಹೋದರೆ ತಲೆ ದೊಡ್ಡದು, ಕಾಲು ಗಿಡ್ಡ. ಎಷ್ಟೋ ಸಲ ಪಾದಕ್ಕೆ ಕಾಗದವೇ ಉಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ? (ಪದವಿ ವಿದ್ಯಾರ್ಥಿನಿ, ಮಂಡ್ಯ)

ತಪ್ಪು ಕಾಲಿನಲ್ಲಿಲ್ಲ, ನೀವು ಶುರು ಮಾಡುವ ಜಾಗದಲ್ಲಿದೆ. ತಲೆಯಿಂದ ಹೊರಟು ಒಂದೊಂದೇ ಅಂಗವನ್ನು ಮುಗಿಸುತ್ತಾ ಇಳಿದರೆ ಪ್ರತಿಯೊಂದೂ ಕೂದಲೆಳೆಯಷ್ಟು ಹಿಗ್ಗುತ್ತಾ ಹೋಗುತ್ತದೆ. ಮಂಡಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ಉಳಿದ ಜಾಗಕ್ಕೆ ಕಾಲನ್ನು ತುರುಕುತ್ತೀರಿ.

ಎ3 ಹಾಳೆಯನ್ನು (42 × 29.7 ಸೆಂ.ಮೀ.) ನಿಲುವಾಗಿ ಇಟ್ಟುಕೊಳ್ಳಿ. ಮೊದಲು ನೆತ್ತಿಗೊಂದು, ಹಿಮ್ಮಡಿಗೊಂದು ಗೀಟು ಹಾಕಿ, ನಡುವೆ ಸರಿಯಾಗಿ 30 ಸೆಂ.ಮೀ. ಬಿಡಿ. ವಯಸ್ಕರ ಎತ್ತರ ಸಾಮಾನ್ಯವಾಗಿ ಅವರ ತಲೆಯ ಏಳೂವರೆ ಪಟ್ಟು ಇರುತ್ತದೆ. ಹಾಗಾಗಿ ಈ ಅಳತೆಯಲ್ಲಿ ನೆತ್ತಿಯಿಂದ ಗದ್ದದವರೆಗೆ 4 ಸೆಂ.ಮೀ. ಬರುತ್ತದೆ, ಲೆಕ್ಕ ಸುಲಭ. ಆದರೆ ತಲೆಯನ್ನು ಈಗಲೇ ಬರೆಯಬೇಡಿ. 30 ಸೆಂ.ಮೀ. ಉದ್ದದ ಕಾಗದದ ಪಟ್ಟಿಯೊಂದನ್ನು ಎರಡಾಗಿ, ಮತ್ತೆ ಎರಡಾಗಿ ಮಡಿಸಿ ಪಕ್ಕದಲ್ಲಿಡಿ. ನಡುವಿನ ಮಡಿಕೆ ಬೀಳುವುದು ತೊಡೆಸಂದಿಗೆ. ಬಹುಪಾಲು ಜನ ಹೊಕ್ಕುಳನ್ನೋ ಸೊಂಟವನ್ನೋ ಮೈಯ ನಡು ಎಂದುಕೊಳ್ಳುತ್ತಾರೆ. 'ನಡು' ಎಂದರೆ ಸೊಂಟ ಎನ್ನುವ ನಮ್ಮ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ, ಕಾಲು ಗಿಡ್ಡವಾಗುವುದು ಅಲ್ಲಿಂದಲೇ. ಮೇಲಿನ ಮಡಿಕೆ ಮೊಲೆತೊಟ್ಟಿನ ಮಟ್ಟಕ್ಕೆ, ಕೆಳಗಿನದು ಮಂಡಿಚಿಪ್ಪಿನ ತುಸು ಕೆಳಕ್ಕೆ ಬರುತ್ತದೆ. ಕೈ ಇಳಿಬಿಟ್ಟಾಗ ಮೊಣಕೈ ಸೊಂಟದ ಸಣ್ಣ ಭಾಗದ ಮಟ್ಟಕ್ಕೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ, ಬೆರಳ ತುದಿ ಅರ್ಧ ತೊಡೆಗೆ ಮುಟ್ಟುತ್ತದೆ. ಭುಜದಿಂದ ಭುಜಕ್ಕೆ ಗಂಡಸರಲ್ಲಿ ಸುಮಾರು ಎರಡು ತಲೆ, ಅಂದರೆ 8 ಸೆಂ.ಮೀ.; ಹೆಂಗಸರಲ್ಲಿ 7ರ ಆಸುಪಾಸು.

ಇನ್ನೊಂದು ಕಾರಣ ನಿಮ್ಮ ಮೇಜು. ಹಾಳೆಯನ್ನು ಅಡ್ಡ ಮಲಗಿಸಿ ಬರೆದರೆ ಅದರ ಮೇಲ್ತುದಿ ಕಣ್ಣಿಗೆ ದೂರವಾಗಿ ಕುಗ್ಗಿ ಕಾಣುತ್ತದೆ. ಕೈ ಅದನ್ನು ತನಗರಿವಿಲ್ಲದೆ ಹಿಗ್ಗಿಸಿ ಬರೆಯುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿ ನೋಡಿದಾಗ ತಲೆ ಬುರುಡೆಯಂತೆ ಊದಿರುತ್ತದೆ. ಹಾಳೆ ಸಿಕ್ಕಿಸಿದ ಹಲಗೆಯ ಬುಡ ತೊಡೆಯ ಮೇಲಿರಲಿ, ಹಲಗೆಯ ಬೆನ್ನು ಮೇಜಿನ ಅಂಚಿಗೆ ಒರಗಿರಲಿ. ಹಾಳೆ ನಿಮ್ಮ ಮುಖಕ್ಕೆ ನೇರವಾಗಬೇಕು.

ಎದುರಿಗಿನವರನ್ನು ಪೆನ್ಸಿಲ್ಲಿನಿಂದ ಅಳೆಯುವಾಗ ಕೈ ಪೂರ್ತಿ ಚಾಚಿರಲಿ, ಮೊಣಕೈ ಮಡಿಯಬಾರದು, ಒಂದು ಕಣ್ಣು ಮುಚ್ಚಿರಲಿ. ಮೊಣಕೈ ಎರಡು ಬೆರಳಷ್ಟು ಸಡಿಲವಾದರೂ ಅಳತೆಗೋಲೇ ಬದಲಾದಂತೆ.

ಪ್ರಶ್ನೆ: ಅಳತೆಯೆಲ್ಲ ಸರಿಯಿದ್ದರೂ ಚಿತ್ರ ಅಂಗಡಿ ಮುಂದಿನ ಬಟ್ಟೆಯ ಬೊಂಬೆಯಂತೆ ಸೆಟೆದು ನಿಲ್ಲುತ್ತದೆ. ಕೆಲವು ಸಲ ಪಕ್ಕಕ್ಕೆ ಬೀಳುವಂತೆ ಕಾಣುತ್ತದೆ. (ಕುವೆಂಪುನಗರ, ಮೈಸೂರು)

ಬಸ್ಸಿಗೆ ಕಾಯುವವರನ್ನು ಗಮನಿಸಿ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತವರು ತೀರ ಕಡಿಮೆ. ಭಾರ ಬಲಗಾಲಿನ ಮೇಲಿದ್ದರೆ ಬಲ ಸೊಂಟ ಮೇಲೇರುತ್ತದೆ, ಎಡ ಸೊಂಟ ಇಳಿಯುತ್ತದೆ, ಎಡ ಮಂಡಿ ಸಡಿಲವಾಗಿ ಮುಂದೆ ಬರುತ್ತದೆ. ಸಮತೋಲಕ್ಕಾಗಿ ಭುಜದ ಗೆರೆ ಇದಕ್ಕೆ ಎದುರಾಗಿ ವಾಲುತ್ತದೆ: ಬಲ ಭುಜ ಕೆಳಗೆ, ಎಡ ಭುಜ ಮೇಲೆ. ಈ ಎರಡು ಓರೆಗೆರೆಗಳನ್ನು ಅಡ್ಡಗೆರೆಯಾಗಿ ಎಳೆದುಬಿಟ್ಟರೆ ಆಮೇಲೆ ಎಷ್ಟು ಚೆಂದ ಛಾಯೆ ಕೊಟ್ಟರೂ ಬೊಂಬೆ ಬೊಂಬೆಯೇ.

ಬೀಳುವ ದೋಷಕ್ಕೆ ತೂಗುಗುಂಡು ಮದ್ದು. ಹೊಲಿಗೆ ದಾರಕ್ಕೊಂದು ವಾಷರ್ ಕಟ್ಟಿ, ನಿಂತವರ ಕೊರಳ ಗುಳಿಯ ನೇರಕ್ಕೆ ಇಳಿಬಿಟ್ಟು ನೋಡಿ. ಕೊರಳ ಗುಳಿ ಎಂದರೆ ಎರಡು ಕೊರಳೆಲುಬು (ಕಾಲರ್ ಬೋನ್) ಸೇರುವಲ್ಲಿನ ತಗ್ಗು. ಒಂಟಿ ಕಾಲಿನ ಮೇಲೆ ಭಾರವಿದ್ದರೆ ದಾರ ಆ ಪಾದದ ಒಳ ಹರಡಿನ ಹತ್ತಿರ ಬರುತ್ತದೆ. ಎರಡೂ ಕಾಲಿನ ಮೇಲಿದ್ದರೆ ಪಾದಗಳ ನಡುವೆ. ನಿಮ್ಮ ಚಿತ್ರದಲ್ಲಿ ದಾರ ಎರಡೂ ಪಾದಗಳಾಚೆ ಬಿದ್ದರೆ ಆ ವ್ಯಕ್ತಿ ನಡೆಯುತ್ತಿರಬೇಕು ಇಲ್ಲವೇ ಏನನ್ನಾದರೂ ಒರಗಿರಬೇಕು. ಎರಡೂ ಅಲ್ಲವಾದರೆ ಭಾರದ ಪಾದವನ್ನು ಅಳಿಸಿ ದಾರದ ಬುಡಕ್ಕೆ ತನ್ನಿ. ತಲೆಯನ್ನು ಸರಿಸಿ ಸರಿಪಡಿಸಲು ಹೋಗಬೇಡಿ.

ನಮ್ಮ ಶಿಲ್ಪಿಗಳು ತ್ರಿಭಂಗಿ ಎಂದದ್ದು ಈ ವಾಲುವಿಕೆಯನ್ನೇ: ಕತ್ತು, ಸೊಂಟ, ಮಂಡಿ ಮೂರು ಕಡೆ ಬಾಗು. 1258ರ ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದಾಗ ದಕ್ಷಿಣದ ಗರ್ಭಗುಡಿಯ ವೇಣುಗೋಪಾಲನ ಮುಂದೆ ನಿಂತು ಮೂರೇ ಗೆರೆ ಎಳೆಯಿರಿ. ಮೊದಲನೆಯದು ನೆತ್ತಿಯಿಂದ ಭಾರ ಹೊತ್ತ ಹಿಮ್ಮಡಿಯವರೆಗೆ ಒಂದೇ ಉಸಿರಿನ ಬಾಗುಗೆರೆ. ಎರಡನೆಯದು ಭುಜ, ಮೂರನೆಯದು ಸೊಂಟ. ಕಿರೀಟ, ಹಾರ ಮುಟ್ಟಬೇಡಿ. ಆದರೆ ಅಂಗಗಳ ಅಳತೆಯನ್ನು ಹೊಯ್ಸಳ ಶಿಲ್ಪದಿಂದ ಕಲಿಯಬೇಡಿ. ಅಲ್ಲಿನ ಮೈಗಳು ಗಿಡ್ಡ, ದುಂಡು. ಕೀಲುಗಳೆಲ್ಲ ಒಡವೆಯಡಿ ಅಡಗಿರುತ್ತವೆ. ಮೈಸೂರಿನ ಹತ್ತಿರದ ಗೊಮ್ಮಟಗಿರಿಯ ಮೂರ್ತಿಯಲ್ಲಿ ಒಡವೆಯಿಲ್ಲ, ಎದೆಗೂಡು ಸೊಂಟಕ್ಕೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದು ಎರಡೂ ಕಾಲಿಗೆ ಸಮಭಾರ ಹಾಕಿದ ನೆಟ್ಟ ನಿಲುವು. ಜಿನಮೂರ್ತಿಗಳು ಆಜಾನುಬಾಹುಗಳು ಬೇರೆ, ತೋಳಿನ ಉದ್ದವನ್ನು ಅಲ್ಲಿಂದ ಎತ್ತಿಕೊಂಡರೆ ಕೆಟ್ಟಿತು.

ದಿನವೂ ಇಪ್ಪತ್ತು ಚಿತ್ರ, ಒಂದೊಂದಕ್ಕೆ ಒಂದೇ ನಿಮಿಷ. ಮೇಲಿನ ಮೂರು ಗೆರೆಗೆ 15 ಸೆಕೆಂಡು ಸಾಕು. ಆಮೇಲೆ ಎದೆಗೂಡಿಗೊಂದು ಮೊಟ್ಟೆ, ಸೊಂಟದ ಮೂಳೆಗೊಂದು ಓರೆ ಪೆಟ್ಟಿಗೆ. ಇವೆರಡರ ನಡುವಿನ ಮೆತ್ತನೆಯ ಜಾಗದಲ್ಲಿ ಒಂದು ಪಕ್ಕ ಒತ್ತಿ ಮಡಿಯುತ್ತದೆ, ಇನ್ನೊಂದು ಪಕ್ಕ ಎಳೆದು ಬಿಗಿಯಾಗುತ್ತದೆ. ನಿಲುವಿನ ಜೀವವೆಲ್ಲ ಆ ನಾಲ್ಕು ಬೆರಳು ಜಾಗದಲ್ಲಿದೆ. ಒತ್ತಿದ ಕಡೆ ಮುರಿದ ಗೆರೆ, ಎಳೆದ ಕಡೆ ಒಂದೇ ಉದ್ದ ಗೆರೆ ಹಾಕಿ ನೋಡಿ, ಬೊಂಬೆ ಉಸಿರಾಡುತ್ತದೆ.

ಕೈಕಾಲುಗಳ ಎರಡು ಅಂಚುಗಳನ್ನು ಒಂದೇ ಎತ್ತರದಲ್ಲಿ ಉಬ್ಬಿಸುವುದೂ ಸೆಟೆತಕ್ಕೆ ಕಾರಣ. ಮೀನಖಂಡದ ಹೊರ ಉಬ್ಬು ಮೇಲಿರುತ್ತದೆ, ಒಳ ಉಬ್ಬು ಕೆಳಗೆ. ಹರಡಿನಲ್ಲಿ ತಿರುಗುಮುರುಗು: ಒಳಗಿನದು ಮೇಲೆ, ಹೊರಗಿನದು ಕೆಳಗೆ. ಈ ಎರಡು ಓರೆಗಳು ಸರಿಬಿದ್ದರೆ ಕಾಲು ಬಾಳೆದಿಂಡಿನಂತೆ ಕಾಣುವುದು ನಿಲ್ಲುತ್ತದೆ.

ಪ್ರಶ್ನೆ: ಯಾವ ಪೆನ್ಸಿಲ್, ಯಾವ ಕಾಗದ? (ಮದ್ದೂರು)

ಒಂದು ನಿಮಿಷದ ಚಿತ್ರಗಳಿಗೆ ನ್ಯೂಸ್‌ಪ್ರಿಂಟ್ ಅಥವಾ ಒಂದು ಬದಿ ಖಾಲಿಯಿರುವ ಹಳೆ ಹಾಳೆ ಸಾಕು. ದುಬಾರಿ ಹಾಳೆ ಕೈಯನ್ನು ಹೆದರಿಸುತ್ತದೆ. ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗುವುದರಿಂದ, ಉಳಿಸಿಕೊಳ್ಳಬೇಕಾದ ದೀರ್ಘ ಚಿತ್ರಕ್ಕೆ 130–150 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾರ್ಟ್ರಿಜ್ ಹಾಳೆ ಬಳಸಿ. 2ಬಿ, 4ಬಿ ಪೆನ್ಸಿಲ್‌ಗಳನ್ನು ಬ್ಲೇಡಿನಲ್ಲಿ ಹೆರೆದು ಸೀಸವನ್ನು ಒಂದು ಸೆಂ.ಮೀ. ಹೊರತೆಗೆಯಿರಿ. ಅಕ್ಷರ ಬರೆಯುವಂತೆ ಹಿಡಿಯದೆ, ಅಂಗೈಯಡಿ ಅಡ್ಡ ಹಿಡಿದು ಭುಜದಿಂದ ಎಳೆಯಿರಿ. ಮಣಿಕಟ್ಟನ್ನು ಹಾಳೆಗೆ ಊರಿದರೆ ಮಣಿಕಟ್ಟು ತಿರುಗುವಷ್ಟೇ ಬಾಗು ಸಿಗುತ್ತದೆ. ಕಡ್ಡಿ ಇದ್ದಿಲಿನ ಗುಣವೇ ಅದರ ಒರಟುತನ: ರೆಪ್ಪೆ, ಉಗುರು ಬರೆಯಲು ಅದು ಬಿಡುವುದಿಲ್ಲ, ದೊಡ್ಡ ಆಕಾರವನ್ನೇ ನೋಡಿಸುತ್ತದೆ. ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಅನ್ನು ಬಯಲಲ್ಲಿ, ಒಂದಡಿ ದೂರದಿಂದ ಸಿಂಪಡಿಸಿ.

ಪ್ರಶ್ನೆ: ಮೈಸೂರು ಶೈಲಿಯ ಚಿತ್ರ ಕಲಿಸುವ ನಮ್ಮ ಗುರುಗಳು ನವತಾಳ ಎನ್ನುತ್ತಾರೆ. ವಿಡಿಯೊಗಳಲ್ಲಿ ಏಳೂವರೆ ತಲೆ ಎನ್ನುತ್ತಾರೆ. ಒಂಬತ್ತು ಸರಿಯೋ ಏಳೂವರೆ ಸರಿಯೋ? (ಶ್ರೀರಂಗಪಟ್ಟಣ)

ಎರಡೂ ಸರಿ, ಅಳತೆಗೋಲು ಬೇರೆ. ನವತಾಳ ಎಂದರೆ ಒಂಬತ್ತು ತಲೆಯಲ್ಲ, ಒಂಬತ್ತು ಮುಖ. ತಾಳ ಎಂದರೆ ಕೂದಲಂಚಿನಿಂದ ಗದ್ದದವರೆಗಿನ ಉದ್ದ. ಅದು 12 ಅಂಗುಲ. ನವತಾಳದ ಮೂರ್ತಿ 108 ಅಂಗುಲ. ಹಂಚಿಕೆ ಹೀಗೆ: ಮುಖ 12, ಕೊರಳು 4, ಕೊರಳಿನಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿಂದ ತೊಡೆಸಂದಿಗೆ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಇಲ್ಲಿ ಅಂಗುಲ ಎಂಬುದು ಇಂಚಲ್ಲ, ಆಯಾ ಮೂರ್ತಿಯ ಮುಖದ ಹನ್ನೆರಡನೇ ಒಂದು ಪಾಲು.

ಮುಖ ಇಡೀ ತಲೆಯ ಸುಮಾರು ಐದರಲ್ಲಿ ನಾಲ್ಕು ಪಾಲು. ಕೂದಲಂಚಿನ ಮೇಲಿನ ನೆತ್ತಿಯ ಭಾಗ 108ರ ಲೆಕ್ಕದಾಚೆ ಉಳಿಯುತ್ತದೆ. ಕೂಡಿಸಿ ನೋಡಿದರೆ ನವತಾಳದ ಮೈ ಏಳೂವರೆ ತಲೆಗೆ ಹತ್ತಿರವೇ ಬಂದು ನಿಲ್ಲುತ್ತದೆ. ಪಂಡಿತರೂ ವಿಡಿಯೊದವರೂ ಜಗಳವಾಡಬೇಕಾದ ಕಾರಣವಿಲ್ಲ. ನಿಮ್ಮ ಅಂಗೈ ಬುಡವನ್ನು ಗದ್ದಕ್ಕಿಟ್ಟು ಮುಖ ಮುಚ್ಚಿಕೊಳ್ಳಿ, ನಡುಬೆರಳು ಕೂದಲಂಚಿಗೆ ಮುಟ್ಟುತ್ತದೆ. ತಾಳವೆಂದರೆ ಅಂಗೈಯ ಉದ್ದವೂ ಹೌದು.

ಎಡವುವುದು ಎಲ್ಲಿ ಎಂದರೆ, ಒಂಬತ್ತು ತಲೆ ಎಂದು ತಪ್ಪು ತಿಳಿದು ಬರೆದಾಗ. ಆಗ ಮೈ ತಾಳೆಮರದಂತೆ ನೀಳವಾಗುತ್ತದೆ. ದೇವತಾ ಚಿತ್ರಕ್ಕೆ ನಿಮ್ಮ ಗುರುಗಳ ಅಳತೆಯನ್ನೇ ಹಿಡಿಯಿರಿ. ಎದುರಿಗೆ ನಿಂತ ಅಜ್ಜಿಯನ್ನು ಬರೆಯುವಾಗ ಅಜ್ಜಿಯನ್ನೇ ಅಳೆಯಿರಿ, ಬಾಗಿದ ಬೆನ್ನಿನ ಅವರು ಆರೂವರೆ ತಲೆಯಷ್ಟೇ ಇರಬಹುದು.

ಪ್ರಶ್ನೆ: ರೂಪದರ್ಶಿಯನ್ನು ಕೂರಿಸಿಕೊಳ್ಳುವ ಅನುಕೂಲವಿಲ್ಲ. ಮೊಬೈಲ್ ಫೋಟೊ ನೋಡಿ ಬರೆದರೆ ಸಾಲದೇ? (ಹೆಬ್ಬಾಳು, ಮೈಸೂರು)

ಸಾಲುತ್ತದೆ ಎನ್ನಲಾರೆವು. ಮೊಬೈಲಿನ ಮುಖ್ಯ ಲೆನ್ಸ್ ಅಗಲ ಕೋನದ್ದು. ನಾಲ್ಕಡಿ ದೂರದಿಂದ ನಿಮ್ಮ ಕಣ್ಣೆತ್ತರಕ್ಕೆ ಹಿಡಿದು ತೆಗೆದರೆ ತಲೆ, ಭುಜ ದೊಡ್ಡದಾಗಿ ಕಾಲು ಚೂಪಾಗುತ್ತಾ ಕುಗ್ಗುತ್ತವೆ. ನೀವು ನಿಷ್ಠೆಯಿಂದ ನಕಲು ಮಾಡುವುದು ಲೆನ್ಸಿನ ತಪ್ಪನ್ನು. ಫೋಟೊ ಬೇಕೇ ಬೇಕೆಂದರೆ ಮೂರು-ನಾಲ್ಕು ಮೀಟರ್ ಹಿಂದೆ ಸರಿದು, 2 ಪಟ್ಟು ಜೂಮ್ ಮಾಡಿ, ಮೊಬೈಲನ್ನು ಅವರ ಹೊಕ್ಕುಳ ಎತ್ತರಕ್ಕೆ ಹಿಡಿಯಿರಿ. ಬೆಳಕು ಒಂದೇ ಕಿಟಕಿಯಿಂದ ಬರಲಿ. ಚಿತ್ರದ ಮೇಲೆ ಹಾಳೆಯಿಟ್ಟು ಗೆರೆ ತಿದ್ದಬೇಡಿ. ಹೊರಗೆರೆ ಸಿಗುತ್ತದೆ, ಮೈ ಸಿಗುವುದಿಲ್ಲ.

ಮೈಸೂರಿನ ಕಾವಾದಂಥ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಕಲಾ ಕಾಲೇಜುಗಳಲ್ಲಿ ರೂಪದರ್ಶಿಯನ್ನು ಕೂರಿಸಿ ಬರೆಸುವುದು ಪಾಠದ ಭಾಗ. ಹೊರಗಿನವರಿಗೆ ಊರೇ ತರಗತಿ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರು ಚಕ್ಕಳಮಕ್ಕಳ ಹಾಕಿ ಕೂತರೆ ಅರ್ಧ ಗಂಟೆ ಕದಲುವುದಿಲ್ಲ. ನೆಲದ ಮೇಲೆ ಕೂತವರ ಎತ್ತರ ಸುಮಾರು ನಾಲ್ಕು ತಲೆ, ಕುರ್ಚಿಯಲ್ಲಾದರೆ ಐದೂವರೆಯಿಂದ ಆರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರದು ಒಂದೇ ಚಲನೆ ಮತ್ತೆ ಮತ್ತೆ ಬರುತ್ತದೆ: ಹಿಂದಿನ ಹಿಮ್ಮಡಿ ಏಳುವ ಗಳಿಗೆಯೊಂದನ್ನೇ ಆರಿಸಿಕೊಂಡು, ಅದು ಬಂದಾಗಲೆಲ್ಲ ಒಂದೊಂದು ಗೆರೆ ಸೇರಿಸಿ. ಮಂಡ್ಯದವರಿಗೆ ಕಬ್ಬಿನ ಹೊರೆ ಎತ್ತುವವರಿಗಿಂತ ಒಳ್ಳೆಯ ಪಾಠ ಬೇಡ. ತಲೆಯ ಮೇಲೆ ಭಾರ ಬಂದ ಕೂಡಲೇ ಕತ್ತು, ಬೆನ್ನುಮೂಳೆ, ಹಿಮ್ಮಡಿ ಒಂದೇ ಗೆರೆಗೆ ಬಂದುಬಿಡುತ್ತವೆ.

ಸ್ನಾಯು ಕಲಿಯಲು ಮೈಸೂರಿನ ಗರಡಿಮನೆಗಳಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಉಸ್ತಾದರ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಮಟ್ಟಿಯಿಂದ (ಕುಸ್ತಿಯ ಮಣ್ಣಿನ ಕಣ) ದೂರ ಕೂತುಕೊಳ್ಳಿ. ದಂಡ ಹೊಡೆಯುವಾಗ ಹೆಗಲ ಮೂಳೆಗಳು ಬೆನ್ನ ಮೇಲೆ ಜಾರಾಡುವುದನ್ನು ನೋಡಿ. ತೋಳು ಮೇಲೆದ್ದರೆ ಅವುಗಳ ಕೆಳತುದಿ ಪಕ್ಕಕ್ಕೆ ಹೊರಳುತ್ತದೆ. ಇದು ತಿಳಿಯದೆ ಬರೆದ ಎತ್ತಿದ ತೋಳು ಹೊರಗಿನಿಂದ ಅಂಟಿಸಿದಂತಿರುತ್ತದೆ. ಯಾರನ್ನೇ ಆಗಲಿ, ನೆಟ್ಟ ನೋಟದಿಂದ ಬರೆಯುವ ಮುನ್ನ ಒಂದು ಮಾತು ಕೇಳಿ. ಮಕ್ಕಳಾದರೆ ತಂದೆತಾಯಿಯನ್ನು ಕೇಳಿ.

ಪ್ರಶ್ನೆ: ಸೀರೆ ಉಟ್ಟವರನ್ನು ಬರೆದರೆ ಗಂಟೆಯಂತೆ ಕಾಣುತ್ತದೆ. ಒಳಗೆ ಕಾಲಿದೆ ಅನ್ನಿಸುವುದಿಲ್ಲ. (ಪಾಂಡವಪುರ)

ಬಟ್ಟೆಯ ಕೆಳಗಿನ ಮೈಯನ್ನು ತೆಳುವಾಗಿ ಮೊದಲೇ ಬರೆದುಕೊಳ್ಳದಿದ್ದರೆ ಹಾಗಾಗುತ್ತದೆ. ಬಟ್ಟೆಗೆ ಸ್ವಂತ ಆಕಾರವಿಲ್ಲ, ಅದು ಯಾವುದರಿಂದ ಜೋತುಬಿದ್ದಿದೆ ಎಂಬುದೇ ಮುಖ್ಯ. ಸೀರೆ ಹಿಡಿದುಕೊಳ್ಳುವುದು ಎಡ ಭುಜ, ಎದೆ, ಸೊಂಟ, ಮುಂದೆ ಬಂದ ಮಂಡಿ ಇಷ್ಟೇ ಕಡೆ. ಈ ಬಿಂದುಗಳಿಗೆ ಚುಕ್ಕಿ ಇಡಿ, ಮಡಿಕೆಗಳೆಲ್ಲ ಅಲ್ಲಿಂದಲೇ ಹೊರಡಲಿ. ನಿರಿಗೆಗಳು ಹೊಕ್ಕುಳ ಕೆಳಗಿನಿಂದ ಕೊಳವೆಗಳಂತೆ ನೇರ ಇಳಿಯುತ್ತವೆ. ಒಂದು ಮಂಡಿ ಮುಂದೆ ಬಂದರೆ ಆ ಜಾಗದಲ್ಲಿ ನಿರಿಗೆ ಒಡೆದು ಬಟ್ಟೆ ನುಣ್ಣಗೆ ಬಿಗಿಯುತ್ತದೆ, ಮಂಡಿಯಿಂದ ಎದುರು ಸೊಂಟದ ಕಡೆಗೆ ಒಂದು ಓರೆ ಎಳೆತ ಹುಟ್ಟುತ್ತದೆ. ಆ ಒಂದು ಗೆರೆ ಸಿಕ್ಕರೆ ಕಾಲು ಸಿಕ್ಕಿತು. ಅಂಚನ್ನು ಕೊನೆಯಲ್ಲಿ ಅಲಂಕಾರವಾಗಿ ಅಂಟಿಸಬೇಡಿ. ಮೈಯನ್ನು ಸುತ್ತಿ ಹಿಂದೆ ಹೋಗುವ ಬಾಗುಗೆರೆ ಅದು, ದುಂಡುತನ ತೋರಿಸುವುದೇ ಅದು. ಮೈಸೂರು ಸಿಲ್ಕ್ ಮೆದುವಾದ್ದರಿಂದ ಮಡಿಕೆ ಸಣ್ಣ, ಒತ್ತೊತ್ತು. ಗಂಜಿ ಹಾಕಿದ ಹತ್ತಿ ಸೀರೆಯಲ್ಲಿ ಮಡಿಕೆ ಕಡಿಮೆ, ಮೂಲೆ ಚೂಪು.

ಜಗನ್ಮೋಹನ ಅರಮನೆಯಲ್ಲಿರುವ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವನ್ನು ಎಲ್ಲರೂ ಬೆಳಕಿಗಾಗಿ ನೋಡುತ್ತಾರೆ. ನೀವು ಒಮ್ಮೆ ದೀಪವನ್ನು ಬಿಟ್ಟು, ಸೀರೆಯೊಳಗೆ ಅವಳ ಭಾರ ಎಲ್ಲಿ ನಿಂತಿದೆ ಎಂದು ಹುಡುಕಿ.

ಪ್ರಶ್ನೆ: ಕೈ ಮತ್ತು ಪಾದ ಬಂದಾಗ ಬೆನ್ನ ಹಿಂದೆ ಅಡಗಿಸುತ್ತೇನೆ, ಇಲ್ಲವೇ ಹುಲ್ಲು ಬರೆದು ಮುಚ್ಚುತ್ತೇನೆ. ಹೇಗೆ ಕಲಿಯುವುದು? (ನಂಜನಗೂಡು)

ಬೆರಳುಗಳಿಂದ ಶುರು ಮಾಡುವುದೇ ಕೈ ಕೆಡಲು ಕಾರಣ. ಮೊದಲು ಅಂಗೈಯನ್ನು ಒಂದು ದಪ್ಪ ಬಿಲ್ಲೆಯಾಗಿ, ನಾಲ್ಕು ಬೆರಳನ್ನು ಒಟ್ಟಿಗೆ ಒಂದೇ ತುಂಡಾಗಿ, ಹೆಬ್ಬೆರಳನ್ನು ಬೇರೆ ತುಂಡಾಗಿ ಬರೆಯಿರಿ. ಬೆರಳು ಬಿಡಿಸುವುದು ಆಮೇಲೆ. ಹಿಂಗೈ ಕಡೆಯಿಂದ ನಡುಬೆರಳು ಗೆಣ್ಣಿನಿಂದ ತುದಿಯವರೆಗೆ ಇಡೀ ಕೈಯ ಅರ್ಧದಷ್ಟಿದೆ. ಅಂಗೈ ಕಡೆಯಿಂದ ಅದೇ ಬೆರಳು ಗಿಡ್ಡ ಕಾಣುತ್ತದೆ, ಏಕೆಂದರೆ ಬೆರಳ ಸಂದಿನ ಚರ್ಮ ಬೆರಳಿನ ಮೊದಲ ಮೂಳೆಯ ನಡುವಿನವರೆಗೂ ಏರಿ ಬಂದಿರುತ್ತದೆ. ಎರಡೂ ಬದಿಗೆ ಒಂದೇ ಅಳತೆ ಹಾಕಿದರೆ ಕೈ ಕುಂಟೆಯಂತಾಗುತ್ತದೆ. ಗೆಣ್ಣುಗಳ ಸಾಲು ಎಂದೂ ನೇರಗೆರೆಯಲ್ಲ, ಕಮಾನು. ಹೆಬ್ಬೆರಳ ಉಗುರು ಉಳಿದ ಉಗುರುಗಳ ಕಡೆಗಲ್ಲದೆ ಪಕ್ಕಕ್ಕೆ ಮುಖ ಮಾಡಿರುತ್ತದೆ. ನಿಮ್ಮ ಬಿಡುವಿನ ಕೈಯೇ ಸಂಬಳವಿಲ್ಲದ ರೂಪದರ್ಶಿ. ಲೋಟ ಹಿಡಿದು, ಚೀಲ ಹಿಡಿದು ಬರೆಯಿರಿ. ವಸ್ತು ಹಿಡಿದ ಕೈಗೆ ಕೆಲಸವಿರುತ್ತದೆ, ಖಾಲಿ ಕೈಗಿಂತ ಬೇಗ ಅರ್ಥವಾಗುತ್ತದೆ.

ಮುಂಗೈ ಒಂದು ಮಾತು ಬೇಡುತ್ತದೆ. ಅಂಗೈ ಮೇಲಿದ್ದಾಗ ಅದರೊಳಗಿನ ಎರಡು ಮೂಳೆಗಳು ಅಕ್ಕಪಕ್ಕ ಇರುತ್ತವೆ. ಅಂಗೈ ಕೆಳಗಾದರೆ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ದಾಟುತ್ತದೆ, ಇಡೀ ಮುಂಗೈಯ ಆಕಾರವೇ ತಿರುಚುತ್ತದೆ. ಮಣಿಕಟ್ಟನ್ನು ಮಾತ್ರ ತಿರುಗಿಸಿ ಬರೆದ ಕೈ ಮುರಿದಂತೆ ಕಾಣುವುದು ಇದಕ್ಕೇ.

ಪಾದ ಒಂದು ಬೆಣೆ: ಹಿಂದೆ ಎತ್ತರ, ಮುಂದೆ ಚಪ್ಪಟೆ, ಒಳಬದಿಯಲ್ಲಿ ಕಮಾನು, ಹೊರಬದಿ ನೆಲಕ್ಕೆ ಅಂಟಿದ್ದು. ಬಹಳ ಜನ ಪಾದವನ್ನು ತೀರ ಚಿಕ್ಕದು ಬರೆಯುತ್ತಾರೆ. ಅದರ ಉದ್ದ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗಿನಷ್ಟು, 30 ಸೆಂ.ಮೀ. ಚಿತ್ರದಲ್ಲಿ ಪಕ್ಕದ ನೋಟಕ್ಕೆ 4.5 ಸೆಂ.ಮೀ. ಎದುರಿನಿಂದ ನೋಡಿದಾಗ ಪಾದ ಕೆಳಕ್ಕೆ ಜೋತುಬಿದ್ದಂತೆ ಬಂದರೆ, ಮೊದಲು ನೆಲದ ಟೈಲ್ಸ್ ಚೌಕಗಳನ್ನು ಓರೆಯಾಗಿ ಬರೆದು, ಹಿಮ್ಮಡಿ ಯಾವ ಚೌಕದಲ್ಲಿ, ಹೆಬ್ಬೆರಳು ಯಾವ ಚೌಕದಲ್ಲಿ ಎಂದು ಗುರುತಿಟ್ಟು ಆಮೇಲೆ ಪಾದ ಕೂರಿಸಿ. ಹವಾಯಿ ಚಪ್ಪಲಿ ಹಾಕಿದ ಪಾದ ಕಲಿಯುವವರಿಗೆ ವರ. ಅದರ ಪಟ್ಟಿ ಪಾದದ ಉಬ್ಬನ್ನು ಹತ್ತಿ ಇಳಿಯುವುದರಿಂದ ಯಾವ ಕಡೆ ಎಷ್ಟು ಎತ್ತರ ಎಂದು ಗೆರೆ ಎಳೆದು ತೋರಿಸಿದಂತಿರುತ್ತದೆ.

ಪ್ರಶ್ನೆ: ನಾನು ಬರೆದ ಮಕ್ಕಳು ಕುಳ್ಳ ದೊಡ್ಡವರಂತೆ ಕಾಣುತ್ತಾರೆ. (ಪ್ರಾಥಮಿಕ ಶಾಲಾ ಶಿಕ್ಷಕಿ, ಕೆ.ಆರ್. ಪೇಟೆ)

ದೊಡ್ಡವರ ಮೈಯನ್ನೇ ಚಿಕ್ಕದು ಮಾಡಿದ್ದೀರಿ. ಹುಟ್ಟಿದ ಕೂಸು ನಾಲ್ಕು ತಲೆ ಉದ್ದ, ಅದರ ಮೈಯ ನಡು ಬೀಳುವುದು ಹೊಕ್ಕುಳ ಹತ್ತಿರ. ಎರಡು ವರ್ಷಕ್ಕೆ ಸುಮಾರು ಐದು ತಲೆ, ನಿಮ್ಮ ಒಂದನೇ ತರಗತಿಯ ಮಕ್ಕಳು ಆರರ ಆಸುಪಾಸು, ಹನ್ನೆರಡಕ್ಕೆ ಏಳರ ಹತ್ತಿರ. ವಯಸ್ಸು ಏರಿದಂತೆ ತಲೆ ಅಷ್ಟಾಗಿ ಬೆಳೆಯುವುದಿಲ್ಲ, ಕಾಲು ಬೆಳೆಯುತ್ತದೆ. ಮೈಯ ನಡು ಹೊಕ್ಕುಳಿನಿಂದ ತೊಡೆಸಂದಿಗೆ ಇಳಿಯುತ್ತದೆ. ದೊಡ್ಡವರಲ್ಲಿ ಕಣ್ಣು ತಲೆಯ ಸರಿ ಅರ್ಧಕ್ಕಿದ್ದರೆ, ಚಿಕ್ಕ ಮಕ್ಕಳಲ್ಲಿ ಅರ್ಧಕ್ಕಿಂತ ಕೆಳಗಿರುತ್ತದೆ, ಹಣೆ ದೊಡ್ಡದು, ಗದ್ದ ಸಣ್ಣದು. ಭುಜ ಕಿರಿದು, ಕತ್ತು ತೆಳು. ನಿಮ್ಮ ತರಗತಿಯ ಒಂದು ಮಗುವನ್ನೂ ಏಳನೇ ತರಗತಿಯ ಒಂದು ಮಗುವನ್ನೂ ಗೋಡೆಗೆ ಒತ್ತಿ ನಿಲ್ಲಿಸಿ, ಗದ್ದ, ಹೊಕ್ಕುಳ, ಮಂಡಿಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಮಕ್ಕಳು ಆಟಕ್ಕೆ ಓಡಿದ ಮೇಲೂ ಗೀಟುಗಳು ಗೋಡೆಯ ಮೇಲೆ ಉಳಿದಿರುತ್ತವೆ, ಅವನ್ನು ನೋಡಿಕೊಂಡು ಬರೆಯಿರಿ.